ಚೀಲದ ಫೋಟೋ, ಮಾರಿಯ ಫೋಟೋ

ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರಂತೆ, ಸೊನ್ನ ಬ್ಯಾರೇಜಿನ ಗೇಟು ಎತ್ತಿದರಂತೆ ಅನ್ನುವ ಸುದ್ದಿ ಬಂತೆಂದರೆ ಪತ್ರಿಕೆಗೆ ಫೋಟೋ ತೆಗೆಯುವ ನಮ್ಮಂಥವರು ಬ್ಯಾಗು ಹೆಗಲಿಗೇರಿಸಲೇಬೇಕು. ಭೀಮಾ ದಂಡೆಯ ಅಫಜಲಪುರ, ಜೇವರ್ಗಿ, ಚಿತ್ತಾಪುರ ತಾಲ್ಲೂಕಿನ ಊರುಗಳು ಒಂದು ಕಡೆ. ಕಾಗಿಣಾ ನದಿ ಉಕ್ಕಿದರೆ ಮಳಖೇಡ, ದಂಡೋತಿ ಇನ್ನೊಂದು ಕಡೆ. ನೀರಿನ ಮಟ್ಟ ವರ್ಷಕ್ಕೊಂದು ರೀತಿ ಇರಬಹುದು, ಪತ್ರಿಕೆಯ ಸುದ್ದಿ ಡೆಸ್ಕಿನಿಂದ ಬರುವ ಮೆಸೇಜು ಮಾತ್ರ ಒಂದೇ: ‘ಎಮೋಷನ್ ಇರೋದು ಕಳಿಸಿ.’ ಹಾಗೆಂದರೆ ಅಳುವ ಮುಖ. ಹೆಂಗಸಿನದಾದರೆ ಒಳ್ಳೆಯದು, ಕಂಕುಳಲ್ಲಿ ಕೂಸಿದ್ದರೆ ಮುಖಪುಟ.

ನಾನು ಕಲಬುರಗಿಯಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡು ಪತ್ರಿಕೆಗಳಿಗೂ ಫೋಟೋ ತೆಗೆಯುವವನು. ಮದುವೆ, ಕುಬಸ, ಶರಣಬಸವೇಶ್ವರ ಜಾತ್ರೆ, ಬಂದಾ ನವಾಜ್ ದರ್ಗಾದ ಉರುಸು, ನಡುನಡುವೆ ಬರ ಮತ್ತು ನೆರೆ. ಕೆಲಸ ಕಲಿಯಲು ಬರುವ ಹುಡುಗರು ಮೊದಲ ನೆರೆ ನೋಡಿ ಬಂದ ದಿನ ತಪ್ಪದೆ ಕೇಳುತ್ತಾರೆ: ‘ಸರ, ಅವರು ಅಳ್ಲಿಕತ್ತಿರ್ತಾರ, ನಾವು ಕ್ಲಿಕ್ ಮಾಡ್ಕೋತ ನಿಂತಿರ್ತೀವಿ. ಪಾಪ ಅಲ್ರೀ ಇದು?’ ಪಾಪ-ಪುಣ್ಯದ ಲೆಕ್ಕ ನನ್ನ ಹತ್ತಿರ ಇಲ್ಲ. ನಾನು ತಿರುಗಿ ಕೇಳುವುದು ಇಷ್ಟೇ: ಆ ಫೋಟೋ ಅವರಿಗೆ ಯಾವ ಕೆಲಸಕ್ಕೆ ಬರುತ್ತದೆ ಅಂತ ಕೇಳಿದೆಯೇನು?

ಈ ಪ್ರಶ್ನೆ ನನ್ನ ತಲೆಯಿಂದ ಬಂದದ್ದಲ್ಲ. 2020ರ ಅಕ್ಟೋಬರ್ ನೆರೆಯಲ್ಲಿ ಒಂದು ಸರ್ಕಾರಿ ಶಾಲೆಯನ್ನು ಕಾಳಜಿ ಕೇಂದ್ರ ಮಾಡಿದ್ದರು. ಹಳಬರು ಈಗಲೂ ಗಂಜಿ ಕೇಂದ್ರ ಅಂತಲೇ ಅನ್ನುತ್ತಾರೆ. ಕೋಣೆ ತುಂಬ ಚಾಪೆ, ಹೊದಿಕೆ, ಮಕ್ಕಳು. ಪಡಸಾಲೆಯ ತುದಿಯಲ್ಲಿ ಒಬ್ಬ ವಯಸ್ಸಾದ ತಾಯಿ ಎರಡು ಗೋಣಿ ಚೀಲ ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ಮಾರುವ ಮುಂಚೆ ಒಂದಿಷ್ಟು ರೇಟು ಏರಲಿ ಅಂತ ಇಟ್ಟಿದ್ದ ಹೆಸರುಕಾಳು. ಮನೆಯೊಳಗೆ ನೀರು ನುಗ್ಗಿ ಚೀಲ ನೆನೆದಿದ್ದವು. ಗೋಣಿಯ ಎಳೆಎಳೆಯ ಸಂದಿನಿಂದ ಬಿಳಿ ಮೊಳಕೆಗಳು ಹೊರಗೆ ಇಣುಕಿದ್ದವು. ಚೀಲ ಮುಟ್ಟಿದರೆ ಬೆಚ್ಚಗೆ, ಹತ್ತಿರ ಹೋದರೆ ಹುಳಿ ವಾಸನೆ. ಕಿಟಕಿಯಿಂದ ಬೆಳಕು ಅಡ್ಡಡ್ಡ ಬಿದ್ದು ಒಂದೊಂದು ಮೊಳಕೆಯೂ ಹೊಳೆಯುತ್ತಿತ್ತು. ನಾನು ಕ್ಯಾಮೆರಾ ಎತ್ತಿ ಅವರ ಮುಖಕ್ಕೆ ಫೋಕಸ್ ಮಾಡುತ್ತಿದ್ದಾಗ ಅವರು ಕೈ ಅಡ್ಡ ಹಿಡಿದರು.

‘ನನ್ನ ಮಾರಿ ತಗೊಂಡು ಏನ್ ಮಾಡ್ತಿ ತಮ್ಮಾ? ಚೀಲದ್ದು ತಗಿ. ಪಟವಾರಿಗಿ ತೋರಸಬೇಕು.’

ನಿಜಾಮರ ಕಾಲ ಮುಗಿದು ಎಷ್ಟೋ ವರ್ಷವಾದರೂ ನಮ್ಮ ಹಳಬರ ಬಾಯಲ್ಲಿ ಗ್ರಾಮ ಲೆಕ್ಕಿಗ (ಈಗಿನ ಗ್ರಾಮ ಆಡಳಿತ ಅಧಿಕಾರಿ) ಇನ್ನೂ ಪಟವಾರಿಯೇ. ಆ ತಾಯಿಗೆ ಫೋಟೋ ಬೇಕಾಗಿತ್ತು, ಪುರಾವೆಗೆ. ಸೀರೆಯ ಸೆರಗಿನಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿ ಅದರೊಳಗೆ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಜತನದಿಂದ ಕಟ್ಟಿಕೊಂಡು ಬಂದಿದ್ದರು. ಮುಂದಿನ ತಿಂಗಳ ಯೋಚನೆ ಆಗಲೇ ನಡೆದಿತ್ತು. ಅಳುವುದು ಅವರ ಪಟ್ಟಿಯಲ್ಲೇ ಇರಲಿಲ್ಲ. ನಾನು ಚೀಲದ್ದು ತೆಗೆದೆ. ಮನೆಯ ಗೋಡೆಗೆ ನೀರು ಹತ್ತಿದ ಗುರುತು ಎಲ್ಲಿಯವರೆಗೆ ಇದೆ ಅನ್ನುವುದನ್ನು ನೀರಿಳಿದ ಮೇಲೆ ಅವರ ಮೊಮ್ಮಗನ ಫೋನಿನಿಂದಲೇ ತೆಗೆಸಿದೆ. ಆಮೇಲೆ ಅವರೇ ಸೆರಗು ತಲೆಗೆ ಹೊದ್ದುಕೊಂಡು, ‘ಈಗ ಬೇಕಂದ್ರ ನಂದೂ ತಗಿ’ ಅಂದರು.

ಆ ಚೀಲದ ಫೋಟೋಕ್ಕೆ ಡೆಸ್ಕಿನಲ್ಲಿ ಬರೆದ ಶೀರ್ಷಿಕೆ ‘ನೆರೆಯಲ್ಲೂ ಮೊಳೆತ ಭರವಸೆ’. ಓದಲು ಚಂದ. ಮೊಳೆತ ಹೆಸರುಕಾಳನ್ನು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಒಯ್ದರೆ ದಲಾಲಿ ಚೀಲದ ಬಾಯಿ ಸಹ ಬಿಚ್ಚಲ್ಲ. ಪೇಟೆಯವರ ಕಣ್ಣಿಗೆ ಮೊಳಕೆ ಭರವಸೆ. ಆ ತಾಯಿಗೆ ಅದು ಕೈತಪ್ಪಿದ ವರ್ಷದ ಗಳಿಕೆ. ಫೋನ್ ಮಾಡಿ ಜಗಳವಾಡಿ ಬದಲಾಯಿಸಿದೆವು. ಅವರ ಹೆಸರು, ಊರು, ‘ಮಾರಲು ಇಟ್ಟಿದ್ದ ಎರಡು ಚೀಲ ಹೆಸರುಕಾಳು ನೀರುಂಡು ಮೊಳೆತಿದೆ’ ಅಂತ ಒಂದು ಸಾಲು. ಭರವಸೆಯ ಮೇಲೆ ನನಗೇನೂ ಮುನಿಸಿಲ್ಲ. ಅದನ್ನು ಫೋಟೋದಲ್ಲಿರುವವರು ಹೇಳಬೇಕು, ಹವಾನಿಯಂತ್ರಿತ ಕೋಣೆಯಲ್ಲಿ ಕೂತ ನಾವಲ್ಲ.

ಜನರ ಹೆಸರಿನ ವಿಷಯಕ್ಕೆ ಬರುತ್ತೇನೆ, ನಮ್ಮ ಹುಡುಗರು ಅತಿ ಸೋಮಾರಿತನ ಮಾಡುವುದು ಇಲ್ಲೇ. ‘ಸಂತ್ರಸ್ತ ಮಹಿಳೆ’ ಅಂತ ಬರೆದು ಕಳಿಸಿಬಿಡುತ್ತಾರೆ. ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ ತೆಗೆದ ಒಬ್ಬ ತಾಯಿಯ ಫೋಟೋ ಲೋಕಪ್ರಸಿದ್ಧ. ಕೈ ಗಲ್ಲಕ್ಕೆ ಹಚ್ಚಿ ದೂರ ನೋಡುತ್ತಿರುವ ಹೆಣ್ಣುಮಗಳು, ಎರಡೂ ಹೆಗಲಿಗೆ ಮುಖ ಮರೆಸಿ ಒರಗಿದ ಮಕ್ಕಳು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಸರ್ಕಾರ ಆ ಬಿಡಾರಕ್ಕೆ ಆಹಾರ ಕಳಿಸಿತು. ಅಷ್ಟರಲ್ಲಿ ಆಕೆಯ ಕುಟುಂಬ ಮುಂದಿನ ಊರಿಗೆ ಹೋಗಿಯಾಗಿತ್ತು. ಲ್ಯಾಂಗ್ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನುವ ಹೆಸರು ಜಗತ್ತಿಗೆ ಗೊತ್ತಾದದ್ದು 1978ರಲ್ಲಿ. ಆ ಫೋಟೋದಿಂದ ನನಗೆ ಒಂದು ಕಾಸೂ ಸಿಗಲಿಲ್ಲ ಅನ್ನುವ ಬೇಸರ ಆಕೆಗಿತ್ತು. ಲಕ್ಷಾಂತರ ಜನರ ಕರುಳು ಹಿಂಡಿದ ಚಿತ್ರ ಅದು, ಅನುಮಾನವಿಲ್ಲ. ಆದರೂ ಗುಳೆ ಹೋಗುವವರ ನಾಡಿನಲ್ಲಿ ಕೆಲಸ ಮಾಡುವ ನನಗೆ ಆ ತಪ್ಪಿಹೋದ ಆಹಾರದ ಲಾರಿಯೇ ಹೆಚ್ಚು ಕಾಡುತ್ತದೆ. ವಿಳಾಸವಿಲ್ಲದ ಕರುಣೆ ಯಾರ ಮನೆಗೆ ಹೋಗಬೇಕು?

ಅದಕ್ಕಿಂತ ಮುಂಚೆ, 1908ರಿಂದ, ಲೂಯಿಸ್ ಹೈನ್ ಅಮೆರಿಕದ ಗಿರಣಿ, ಗಣಿಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆಯುತ್ತಿದ್ದರು. ಮಗುವಿನ ಎತ್ತರ ತನ್ನ ಕೋಟಿನ ಎಷ್ಟನೇ ಗುಂಡಿಗೆ ಬರುತ್ತದೆಂದು ನೋಡಿಕೊಂಡು, ಜೇಬಿನೊಳಗೆ ಕೈಯಿಟ್ಟೇ ಗುಟ್ಟಾಗಿ ಗುರುತು ಹಾಕಿಕೊಳ್ಳುತ್ತಿದ್ದರಂತೆ. ಹೆಸರು, ವಯಸ್ಸು, ಎಷ್ಟು ಹೊತ್ತು ದುಡಿತ, ಎಲ್ಲ ಬರೆದಿಟ್ಟರು. ಬಾಲಕಾರ್ಮಿಕ ಕಾನೂನಿಗಾಗಿ ಹೋರಾಡಿದವರ ಕೈಗೆ ಆ ಫೋಟೋಗಳು ಬಲ ಕೊಟ್ಟಿದ್ದರಲ್ಲಿ ಆ ಟಿಪ್ಪಣಿಗಳ ಪಾಲೂ ದೊಡ್ಡದು. ಈಗ ನಮ್ಮ ಜೇಬಿನಲ್ಲಿ ಫೋನಿದೆ. ಹೆಸರು, ಊರು, ಏನು ಹೋಯಿತು, ಯಾರಿಗೆ ಅರ್ಜಿ ಕೊಟ್ಟಿದ್ದಾರೆ ಅನ್ನುವುದನ್ನು ಅವರ ಬಾಯಿಂದಲೇ ರೆಕಾರ್ಡ್ ಮಾಡಿಕೊಳ್ಳಲು ಏನು ಧಾಡಿ?

ಹೊಲದ ಫೋಟೋ ತೆಗೆಯುವಾಗ ತಾರೀಖು ಮತ್ತು ಜಾಗ ದಾಖಲಾಗುವಂತೆ ರೈತರ ಫೋನಿನಲ್ಲೇ ಒಂದೆರಡು ತೆಗೆದುಕೊಡುವುದು ಈಗ ನಮ್ಮ ರೂಢಿ. ಫಸಲ್ ಬಿಮಾ (ಬೆಳೆ ವಿಮೆ) ಮಾಡಿಸಿದವರು ಹೊಲಕ್ಕೆ ನೀರು ನುಗ್ಗಿದ 72 ಗಂಟೆಯೊಳಗೆ ತಿಳಿಸಬೇಕು ಅನ್ನುವ ನಿಯಮವಿದೆ. ಎಷ್ಟೋ ಜನರಿಗೆ ಅದು ಗೊತ್ತಿರಲ್ಲ. ನಾವು ಹೇಳಿದರೆ ನಮ್ಮ ಗಂಟೇನೂ ಹೋಗಲ್ಲ.

ಕಸುಬಿನ ಒಳಗೇ ಇರುವ ಕೆಲವು ಮಾತು. ನೆಲದ ಮೇಲೆ ಕೂತವರನ್ನು ನಿಂತು ತೆಗೆದರೆ ಎಂಥ ಗಟ್ಟಿ ಮನುಷ್ಯರೂ ದೀನರಂತೆ ಕಾಣುತ್ತಾರೆ. ಕೂತು ತೆಗೆಯಿರಿ, ಪ್ಯಾಂಟು ಕೆಸರಾಗಲಿ. ನಮ್ಮ ಕಡೆಯ ಗಂಡಸರದ್ದು ಬಿಳಿ ಧೋತರ, ಬಿಳಿ ಟೋಪಿ, ಬಿಸಿಲು ತಿಂದ ಕಪ್ಪು ಮುಖ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಅದು ಬಟ್ಟೆಯ ಬಿಳುಪಿಗೆ ಲೆಕ್ಕ ಹಾಕಿ ಮುಖವನ್ನು ಮಸಿ ಮಾಡುತ್ತದೆ. ಎಕ್ಸ್‌ಪೋಷರ್, ಅಂದರೆ ಬೆಳಕಿನ ಲೆಕ್ಕ, ಮುಖಕ್ಕೆ ಇಡಿ; ಬಟ್ಟೆ ಬೇಕಾದರೆ ಫೋಟೋದಲ್ಲಿ ಬಿಳಿಚಿ ಸುಟ್ಟುಹೋಗಲಿ. ಉದ್ದ ಲೆನ್ಸಿನಿಂದ ರಸ್ತೆಯಾಚೆ ನಿಂತು ಅಳುವವರನ್ನು ಹಿಡಿಯುವುದು ನನಗೆ ಒಗ್ಗದ ಕೆಲಸ. ಹತ್ತಿರ ಹೋಗಲೇಬೇಕಾದ 35 ಎಂಎಂ ಲೆನ್ಸಿನಲ್ಲಿ ಮಾತನಾಡಿಸದೆ ಫೋಟೋ ಸಿಗುವುದಿಲ್ಲ. ಇನ್ನು ಸ್ಪರ್ಧೆಗೆಂದೇ ಲಂಬಾಣಿ ತಾಂಡಾಗಳಿಗೆ ಬಂದು, ಅಜ್ಜಿಯ ಸುಕ್ಕುಗಳನ್ನು ಕಪ್ಪು-ಬಿಳುಪಿನಲ್ಲಿ ಇನ್ನಷ್ಟು ಕೊರೆದು ಪದಕ ಗೆಲ್ಲುವವರ ಬಗ್ಗೆ ನಾನು ಬಾಯಿ ಬಿಡದಿರುವುದೇ ಒಳ್ಳೆಯದು.

ತೆಗೆಯದೆ ಬಿಡುವುದೂ ಕೆಲಸವೇ. ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯವರದ್ದು, 2020ರ ಮಾರ್ಚ್‌ನಲ್ಲಿ. ಆ ದಿನಗಳಲ್ಲಿ ಒಂದು ಓಣಿಯ ಬೋರ್ಡು ಫೋಟೋದಲ್ಲಿ ಕಂಡರೆ ಸಾಕು, ಆ ಓಣಿಯವರಿಗೆ ಹಾಲು ಹಾಕುವವನೂ ಬರಲು ಅಂಜುವಂಥ ಪರಿಸ್ಥಿತಿ. ಮುಂಬೈಯಿಂದ ಮರಳಿದ ಕೂಲಿಗಳದ್ದೂ ಅದೇ ಪಾಡು. ಫ್ರೇಮಿನಿಂದ ಏನನ್ನು ಹೊರಗಿಡಬೇಕು ಅನ್ನುವುದನ್ನು ಆಗ ಕಲಿತಷ್ಟು ಬೇರೆ ಯಾವಾಗಲೂ ಕಲಿಯಲಿಲ್ಲ. ಮಕ್ಕಳ ವಿಷಯದಲ್ಲಂತೂ ಕಾನೂನೇ ಇದೆ: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯ 23ನೇ ಕಲಂ, ಬಾಲನ್ಯಾಯ ಕಾಯ್ದೆಯ 74ನೇ ಕಲಂ, ಎರಡೂ ಇಂಥ ಪ್ರಕರಣಗಳಲ್ಲಿ ಸಿಕ್ಕ ಮಗುವಿನ ಗುರುತು ಬಿಟ್ಟುಕೊಡುವುದನ್ನು ತಡೆಯುತ್ತವೆ. ಮುಖ ಮಸುಕು ಮಾಡಿದೆವಲ್ಲ ಅಂತ ಕೈ ತೊಳೆದುಕೊಳ್ಳುವವರಿದ್ದಾರೆ. ಪಕ್ಕದಲ್ಲಿ ತಾಯಿಯ ಮುಖ, ಹಿಂದೆ ಮನೆ ಬಾಗಿಲು, ಮೈಮೇಲೆ ಶಾಲೆಯ ಯೂನಿಫಾರ್ಮು ಕಂಡರೆ ಇಡೀ ಊರಿಗೆ ಅದು ಯಾರ ಮಗಳು ಅಂತ ಗೊತ್ತಾಗುತ್ತದೆ.

ಹಸಿವಿನಿಂದ ಕುಸಿದ ಮಗುವಿನ ಹಿಂದೆ ಹದ್ದು ಕೂತಿರುವ ಫೋಟೋದ ಬಗ್ಗೆಯೂ ಹುಡುಗರು ಕೇಳುತ್ತಾರೆ. ಕೆವಿನ್ ಕಾರ್ಟರ್ 1993ರಲ್ಲಿ ಸುಡಾನಿನಲ್ಲಿ ತೆಗೆದದ್ದು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು, ಕೆಲವೇ ತಿಂಗಳಲ್ಲಿ ಆತ ಪ್ರಾಣ ಕಳೆದುಕೊಂಡರು. ವಾಟ್ಸಾಪಿನಲ್ಲಿ ಓಡಾಡುವ ನೀತಿಕಥೆಯಲ್ಲಿ ಆ ಮಗು ಹದ್ದಿಗೆ ಬಲಿಯಾಗುತ್ತದೆ. ವಾಸ್ತವದಲ್ಲಿ ಆ ಮಗು ಅಂದು ಬದುಕುಳಿಯಿತು, ಅದು ಗಂಡು ಮಗು ಅನ್ನುವುದೂ ಬಹಳ ವರ್ಷಗಳ ನಂತರ ಅದರ ಮನೆಯವರಿಂದ ತಿಳಿಯಿತು. ಇಲ್ಲೂ ನೋಡಿ, ಹೆಸರು ಕೇಳಿದವರು ಯಾರೂ ಇರಲಿಲ್ಲ.

ಸಂತೋಷದ ಫೋಟೋ ಯಾರು ಕೇಳುತ್ತಾರೆ ಗೊತ್ತೇ? ಗುಳೆ ಹೋಗುವವರು. ಬಸ್ ನಿಲ್ದಾಣದಲ್ಲಿ ಗಂಟು, ಸ್ಟೌ, ಕೂಸುಗಳ ಜೊತೆ ಮುಂಬೈ, ಪುಣೆ ಕಡೆ ಹೊರಟು ಕೂತವರ ಮುಂದೆ ಕ್ಯಾಮೆರಾ ಹಿಡಿದರೆ ಮುಖ ತಿರುಗಿಸುತ್ತಾರೆ. ಒಬ್ಬ ಹುಡುಗಿ ನೇರವಾಗಿ ಹೇಳಿದಳು: ‘ಈಗ ಬ್ಯಾಡ್ರಿ ಅಣ್ಣಾ. ದೀಪಾವಳಿಗಿ ತಾಂಡಾಕ್ಕ ಬರ್ರಿ, ಆಗ ತಗೀರಿ.’ ಹೋದೆ. ಕನ್ನಡಿ ಹೊಲಿದ ಲಂಗ, ಕೈ ತುಂಬ ಬಳೆ, ದೀಪ ಹಿಡಿದು ‘ಮೇರಾ’ ಅನ್ನುವ ಹಬ್ಬದ ಹಾರೈಕೆ ಕೇಳುತ್ತಾ ಮನೆಯಿಂದ ಮನೆಗೆ ಓಡುವ ಹುಡುಗಿಯರು. ಅವಳು ತನ್ನ ಗೆಳತಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಯಾರ ಪಕ್ಕ ಯಾರು ನಿಲ್ಲಬೇಕು ಅಂತ ನನಗೇ ಹುಕುಂ ಮಾಡಿದಳು. ಪತ್ರಿಕೆಯವರು ‘ಹಬ್ಬದ ಪುಟ ತುಂಬಿದೆ’ ಅಂದರು. ಪ್ರಿಂಟು ಮಾತ್ರ ಅವರ ಮನೆಯ ಗೋಡೆ ಸೇರಿತು.

ಸ್ಟುಡಿಯೋ ನಡೆಸುವವರಿಗೆ ಇನ್ನೊಂದು ಸತ್ಯ ಗೊತ್ತಿರುತ್ತದೆ. ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಮಗನೋ ಅಳಿಯನೋ ನಮ್ಮ ಬಾಗಿಲಿಗೆ ಬರುತ್ತಾರೆ. ಕೈಯಲ್ಲಿ ಆಧಾರ್ ಕಾರ್ಡು, ಇಲ್ಲವೇ ಯಾರದೋ ಮದುವೆಯ ಗ್ರೂಪ್ ಫೋಟೋ. ‘ಇದ್ರಾಗಿಂದ ನಮ್ಮಪ್ಪಂದು ದೊಡ್ಡದು ಮಾಡಿಕೊಡ್ರಿ, ಮಾಲಿ ಹಾಕ್ಬೇಕು.’ ಪಕ್ಕದವರ ಭುಜ ಕತ್ತರಿಸಿ, ಹಿಂದೆ ನೀಲಿ ಬಣ್ಣ ಹಾಕಿ, ಒಂದು ಅಂಗಿ ಕೂರಿಸಿ ಕೊಡುತ್ತೇವೆ. ಬದುಕಿಡೀ ಒಂದು ನೆಟ್ಟಗಿನ ಫೋಟೋ ಇಲ್ಲದ ಎಷ್ಟೋ ಜನರ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುವ ಮೊದಲ ಮನುಷ್ಯ ನೆರೆಗೋ ಬರಕ್ಕೋ ಬಂದ ಪತ್ರಿಕೆಯವನು. ಹಾಗಾಗಿ ಸುದ್ದಿಯ ಫೋಟೋ ಮುಗಿದ ಮೇಲೆ ಅವರಿಗಾಗಿ ಒಂದು ತೆಗೆಯುತ್ತೇನೆ, ಅವರು ಹೇಗೆ ನಿಲ್ಲಬೇಕು ಅನ್ನುತ್ತಾರೋ ಹಾಗೆ. ಗಂಡಸರು ಟೋಪಿ ಸರಿ ಮಾಡಿಕೊಳ್ಳುತ್ತಾರೆ. ಹೆಂಗಸರು ಪಕ್ಕದ ಮನೆಯವರನ್ನು ಕೂಗಿ ಕುಂಕುಮ ತರಿಸುತ್ತಾರೆ.

ಅಳುವ ಮುಖ ಅಚ್ಚಾಗಲೇಬಾರದು ಅನ್ನುವ ಪೈಕಿ ನಾನಲ್ಲ. ಎದೆಮಟ್ಟದ ನೀರಿನಲ್ಲಿ ಕೂಸನ್ನು ಎತ್ತಿ ಹಿಡಿದವರ ಫೋಟೋ ಬೆಳಿಗ್ಗೆ ಪತ್ರಿಕೆಯಲ್ಲಿ ಬಂದರೆ ಮಧ್ಯಾಹ್ನಕ್ಕೆ ದೋಣಿ ಬಂದದ್ದನ್ನು ಕಂಡಿದ್ದೇನೆ. ಅರ್ಜಿಯ ಭಾಷೆ ಅರ್ಥವಾಗದ ಅಧಿಕಾರಿಗೂ ಕಣ್ಣೀರಿನ ಭಾಷೆ ಅರ್ಥವಾಗುತ್ತದೆ. ಈ ವಿಷಯದಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೂ ನನಗೂ ಇನ್ನೂ ಒಮ್ಮತವಿಲ್ಲ. ಅವರು ಒಪ್ಪಿದರೂ ಅಳುವಾಗ ಒಪ್ಪಿದ್ದು ಒಪ್ಪಿಗೆಯೇ ಅಲ್ಲ ಅನ್ನುವುದು ಅವನ ವಾದ. ಕ್ಯಾಮೆರಾ ಪರದೆಯಲ್ಲಿ ತೋರಿಸಿ, ಬೇಡ ಅಂದರೆ ಅವರೆದುರೇ ಅಳಿಸಿಬಿಡು ಅನ್ನುವುದು ನನ್ನ ಉತ್ತರ. 2025ರ ಸೆಪ್ಟೆಂಬರಿನಲ್ಲಿ ಭೀಮಾ ಮತ್ತೆ ಉಕ್ಕಿದಾಗ ಅವನು ತಂದ ಮೆಮೊರಿ ಕಾರ್ಡಿನಲ್ಲಿ ಒಂದೂ ಅಳುವ ಮುಖ ಇರಲಿಲ್ಲ. ಒಲೆ, ಎಮ್ಮೆ, ನೆನೆದ ಪುಸ್ತಕ, ಗೋಡೆಯ ಮೇಲಿನ ನೀರಿನ ಗೆರೆ. ಡೆಸ್ಕಿನವರು ನನಗೆ ಫೋನ್ ಮಾಡಿ ಬೈದರು. ನಾನು ಅವನಿಗೆ ಬೈಯಲಿಲ್ಲ, ಒಪ್ಪಲೂ ಇಲ್ಲ. ಫೋಟೋದಲ್ಲಿರುವವರಿಗೆ ಕಳಿಸುವ ಪ್ರಿಂಟುಗಳ ಖರ್ಚು ಯಾರು ಕೊಡಬೇಕು ಅನ್ನುವುದರ ಮೇಲೆ ಮಾತ್ರ ಇಬ್ಬರೂ ಒಂದೇ ಕಡೆ: ಫೋಟೋಕ್ಕೆ ಬಂದ ಸಂಭಾವನೆಯಿಂದ. ಕವರಿನ ಮೇಲೆ ಹೆಸರು, ಊರು ಬರೆದು ಆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇವೆ. ಕಂಡಕ್ಟರ್‌ಗಳು ಈಗ ನಮ್ಮನ್ನು ನೋಡಿದರೆ ಅವರೇ ಕೈ ಚಾಚುತ್ತಾರೆ.