ಒಂದಿಂಚು ತಗ್ಗಿದ ಡಾರ್ಟ್

ಪಕ್ಕದ ಮನೆಯ ಹಿರಿಯರ 1968ರ ಡಾಡ್ಜ್ ಡಾರ್ಟ್ ಕಾರನ್ನು ಒಂದಿಂಚು ತಗ್ಗಿಸಲೆಂದು ನಿನ್ನೆ ಮಿಷಿಗನ್ನಿನ ಚಳಿಯಲ್ಲಿ ನಾವಿಬ್ಬರೂ ಅದರಡಿಗೆ ತೂರಿದ್ದೆವು. ಡಾಡ್ಜ್ ಕಾರುಗಳನ್ನು ತಯಾರಿಸುತ್ತಿದ್ದ ಕ್ರೈಸ್ಲರ್ ಕಂಪನಿಯು 1957ರಿಂದಲೇ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗಿನ ಬದಲು ಟಾರ್ಷನ್ ಬಾರ್ ಎಂಬ, ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳನ್ನು ಅಳವಡಿಸುತ್ತ ಬಂದದ್ದರಿಂದ, ಇಲ್ಲಿ ಏನನ್ನೂ ಕತ್ತರಿಸಬೇಕಿಲ್ಲ. ಆ ಸರಳುಗಳ ತಿರುಚನ್ನು ಹೊಂದಿಸುವ ಎರಡೂ ಬದಿಯ ಬೋಲ್ಟುಗಳನ್ನು ಸಮನಾಗಿ ಸಡಿಲಿಸಿದರೆ ಮೂತಿ ತಾನಾಗಿ ಬಾಗುತ್ತದೆ. ಪ್ರತಿ ಸಲವೂ ಬಂಪರನ್ನು ಅದುಮಿ ಕುಲುಕಿಸಿ, ಕಾರು ನೆಲೆಗೊಂಡ ಮೇಲೆಯೇ ಅಳೆಯಬೇಕು, ಇಲ್ಲವಾದರೆ ಟೇಪು ಸುಳ್ಳು ಹೇಳುತ್ತದೆ. ಹಿಂಬದಿಯಲ್ಲಿ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಮತ್ತು ಅದರ ಮೇಲೆ ಕೂರುವ ಆಕ್ಸಲ್ಲಿನ (ಚಕ್ರಗಳ ಅಚ್ಚಿನ) ನಡುವೆ ಒಂದಿಂಚಿನ ಬ್ಲಾಕ್ ಇರಿಸಿ, ಉದ್ದನೆಯ ಯು-ಬೋಲ್ಟ್ ಬಿಗಿದೆವು. ಬಾಗುವುದಕ್ಕೆಂದೇ ಬೋಲ್ಟೊಂದನ್ನು ಇರಿಸಿಕೊಂಡು ಹುಟ್ಟಿದ ಈ ಕಾರನ್ನು ಕಂಡು, ಮೊಣಕಾಲು ಮಡಚಲಾಗದ ನನಗೆ ತುಸು ಹೊಟ್ಟೆಕಿಚ್ಚಾಯಿತು. ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುವುದರಿಂದ, ನಾಳೆ ಅಲೈನ್‌ಮೆಂಟ್ ಮಾಡಿಸಬೇಕಾಗಿದೆ.