ಇನ್ನೂ ಒಂದು ಮ್ಯಾಚೂ ಆಗಿಲ್ಲ, ಆಗಲೇ ಯಾಕಿಷ್ಟು ಟೆನ್ಷನ್?

ಪ್ರತಿ ವರ್ಷ ಇದೇ ಪ್ರಶ್ನೆ. ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳುತ್ತಾರೆ. ಮನೆಯವರಂತೂ ಕೇಳಿ ಕೇಳಿ ಬೇಜಾರಾಗಿ ಬಿಟ್ಟೇಬಿಟ್ಟಿದ್ದಾರೆ. "ಸೋತ ಮೇಲೆ ತಲೆ ಕೆಡಿಸಿಕೋ, ಬೇಡ ಅನ್ನಲ್ಲ. ಸೀಸನ್ನೇ ಶುರುವಾಗಿಲ್ಲವಲ್ಲ ಮಾರಾಯ, ಈಗಲೇ ಏನು ನಿನ್ನ ಗೋಳು?"

ನನ್ನದು ಬೆಂಗಳೂರು ಎಫ್‌ಸಿ. ಕಂಠೀರವ ಸ್ಟೇಡಿಯಂನಲ್ಲಿ ಆಡುವ ನೀಲಿ ಜೆರ್ಸಿಯ ಟೀಮ್. ಸುನಿಲ್ ಛೇತ್ರಿ ಟೀಮ್ ಅಂದರೆ ಫುಟ್‌ಬಾಲ್ ನೋಡದವರಿಗೂ ಗೊತ್ತಾಗುತ್ತದೆ.

ಉತ್ತರ ಹೇಳಿಬಿಡುತ್ತೇನೆ. ಈ ಟೆನ್ಷನ್ ಮೊದಲ ಮ್ಯಾಚಿನ ಸೋಲು ಗೆಲುವಿನದ್ದಲ್ಲ. ಸೀಸನ್ ಶುರುವಾಗುವ ತನಕ ನಮ್ಮೆಲ್ಲರ ತಲೆಯೊಳಗೆ ಒಂದೊಂದು ಟೀಮ್ ಇರುತ್ತದೆ. ನಾವೇ ಕೂತು ಕಟ್ಟಿದ್ದು. ಯಾರು ಎಲ್ಲಿ ಆಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು, ಎಲ್ಲ ನಮ್ಮದೇ ತೀರ್ಮಾನ. ಆ ಟೀಮ್ ಇನ್ನೂ ಯಾರಿಗೂ ಸೋತಿಲ್ಲ. ಏಳೂವರೆಗೆ ಆಟ ಅಂದರೆ ಆರೂವರೆ ಹೊತ್ತಿಗೆ ಹನ್ನೊಂದು ಹೆಸರುಗಳ ಪಟ್ಟಿ ಫೋನಿಗೆ ಬರುತ್ತದೆ. ಅಲ್ಲಿಗೆ ನಮ್ಮ ಟೀಮಿನ ಕಥೆ ಮುಗಿಯಿತು. ಇನ್ನು ಮೇಲೆ ಕೋಚ್ ಕಟ್ಟಿದ ಟೀಮ್. ತಿಂಗಳುಗಟ್ಟಲೆ ಕಾದು ಕೂತವರಿಗೆ ಆ ಪಟ್ಟಿ ನೋಡೋದೇ ದೊಡ್ಡ ಪರೀಕ್ಷೆ.

ಆ ಒಂದು ಗಂಟೆ ಹೇಗಿರುತ್ತದೆ ಹೇಳುತ್ತೇನೆ ಕೇಳಿ. ಗೇಟಿನ ಮುಂದೆ ಸಾಲು. ಸೆಪ್ಟೆಂಬರ್ ಆದರೆ ಮೇಲೆ ಮೋಡ, ಜೇಬಿನಲ್ಲಿ ಟಿಕೆಟ್ ಒದ್ದೆಯಾಗುವ ಭಯ. ಪಟ್ಟಿ ಬಂದ ತಕ್ಷಣ ಸಾಲು ನಿಂತಲ್ಲೇ ನಿಂತುಬಿಡುತ್ತದೆ, ಎಲ್ಲರ ತಲೆ ಕೆಳಗೆ. ಮುಂದಿದ್ದವನು ತಿರುಗಿ ಹಿಂದಿದ್ದವನಿಗೆ ಹೇಳುತ್ತಾನೆ, "ಲೆಫ್ಟ್ ಬ್ಯಾಕ್‌ಗೆ ಅವನನ್ನ ಹಾಕಿದಾರೆ ನೋಡು." ಇಬ್ಬರೂ ಅಪರಿಚಿತರು. ಆದರೆ ಜಗಳ ಮಾತ್ರ ಮನೆಯವರ ಜೊತೆ ಆಡಿದ ಹಾಗೆ. ಹಳೇ ಜೆರ್ಸಿ ಹಾಕಿಕೊಂಡ ಅಂಕಲ್ ಒಬ್ಬರು ಏನೂ ಮಾತಾಡದೆ ಬೆಂಚಿನ ಹೆಸರುಗಳನ್ನು ಓದುತ್ತಿರುತ್ತಾರೆ. ಅನುಭವಸ್ಥರು ಮೊದಲು ಬೆಂಚ್ ನೋಡುತ್ತಾರೆ, ಯಾರಿಗೆ ಗಾಯ ಆಗಿದೆ ಅನ್ನೋದು ಅಲ್ಲೇ ಗೊತ್ತಾಗೋದು. ಸೆಕ್ಯೂರಿಟಿಯವರು "ಮುಂದೆ ಹೋಗ್ರೀ" ಅಂತ ಕೂಗಿದ ಮೇಲೇ ಸಾಲು ಅಲ್ಲಾಡೋದು.

ಇನ್ನೊಂದು ಕಾರಣ ಇದೆ, ಅದು ನಮ್ಮ ಕ್ಲಬ್ಬಿಗೇ ಅಂಟಿಕೊಂಡದ್ದು. ಆರ್‌ಸಿಬಿಯವರು "ಈ ಸಲ ಕಪ್ ನಮ್ದೇ" ಅಂತ 18 ಸೀಸನ್ ಕಾದರು, 2025ರಲ್ಲಿ ಕಪ್ ಬಂತು. ನಮ್ಮ ಕಾಯಿಲೆ ಉಲ್ಟಾ. 2013ರ ಜುಲೈನಲ್ಲಿ ಕ್ಲಬ್ ಹುಟ್ಟಿತು. ಸೆಪ್ಟೆಂಬರ್ 22ಕ್ಕೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗಾನ್ ಎದುರು ಮೊದಲ ಲೀಗ್ ಮ್ಯಾಚ್, 1-1. ನೂರು ವರ್ಷ ದಾಟಿದ ಕ್ಲಬ್ ಎದುರು ಎರಡು ತಿಂಗಳ ಕೂಸು. ಡ್ರಾ ಆಗಿದ್ದೇ ಹಬ್ಬ ಅಂದುಕೊಂಡೆವು. ನೋಡಿದರೆ ಸೀಸನ್ ಮುಗಿಯುವಾಗ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ನ ಕಪ್ಪೇ ನಮ್ಮ ಕೈಯಲ್ಲಿತ್ತು. ಮೊದಲ ವರ್ಷವೇ! ಮುಂದೆ ಫೆಡರೇಷನ್ ಕಪ್ ಬಂತು, 2016ರಲ್ಲಿ ಮತ್ತೆ ಐ-ಲೀಗ್ ಬಂತು. ಅದೇ ವರ್ಷ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್ ಫೈನಲ್‌ಗೆ ದೋಹಾಕ್ಕೆ ಹೋದೆವು, ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 0-1ರಲ್ಲಿ ಸೋತೆವು.

ಹೀಗೆ ಬೆಳೆದ ಅಭಿಮಾನಿಗೆ "ಈ ವರ್ಷ ಪ್ಲೇಆಫ್ ತಲುಪಿದರೆ ಸಾಕು" ಅನ್ನೋಕೆ ನಾಲಿಗೆ ಏಳೋದಿಲ್ಲ. ಹೊರಗೆ ಹೇಳುತ್ತೇವೆ, ಒಳಗೆ ಕಪ್ಪಿನ ಲೆಕ್ಕವೇ ನಡೆಯುತ್ತಿರುತ್ತದೆ. 2023-24ರಲ್ಲಿ 12 ಟೀಮ್‌ಗಳಲ್ಲಿ ಹತ್ತನೆಯವರಾದಾಗಲೂ ಈ ಚಾಳಿ ಹೋಗಲಿಲ್ಲ. ಇಂಗ್ಲೆಂಡಿನ ಕ್ಲಬ್‌ಗಳನ್ನು ಹಿಂಬಾಲಿಸುವ ಗೆಳೆಯರು ಕೇಳುತ್ತಾರೆ, "ನಿಮ್ಮಲ್ಲಿ ಕೆಳಗಿನ ಲೀಗ್‌ಗೆ ಇಳಿಸೋದೇ ಇಲ್ಲವಲ್ಲ, ಭಯ ಯಾಕೆ?" ಆಗ ಇಳಿಸುತ್ತಿರಲಿಲ್ಲ, ನಿಜ. ಆದರೆ ಮೊದಲನೆಯವನಾಗಿ ಪಾಸಾಗುತ್ತಿದ್ದ ಹುಡುಗನಿಗೆ ಹತ್ತನೇ ಸ್ಥಾನ ಬಂದರೆ, ಭಯಪಡೋಕೆ ಅಷ್ಟು ಸಾಲದಾ?

ಸೀಸನ್ ಮುಂಚಿನ ವಾರಗಳಲ್ಲಿ ನಮಗೆ ಸಿಗುವ ಸುದ್ದಿಯೂ ಅಷ್ಟಕ್ಕಷ್ಟೇ. ಟ್ರೈನಿಂಗ್‌ನ ನಾಲ್ಕು ಫೋಟೋ, ಹೊಸ ವಿದೇಶಿ ಆಟಗಾರನ ಹಳೇ ಗೋಲುಗಳ ವಿಡಿಯೋ, ಡ್ಯುರಾಂಡ್ ಕಪ್ಪಿನ ಕೆಲವು ಮ್ಯಾಚ್. ಅಷ್ಟರಲ್ಲೇ ಜಾತಕ ಬರೆಯಬೇಕು. ವಿಡಿಯೋದಲ್ಲಿ ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ ಬಿಡಿ, ತಪ್ಪಿಸಿದ ಗೋಲುಗಳನ್ನು ಯಾರು ಕತ್ತರಿಸಿ ಹಾಕುತ್ತಾರೆ?

2024ರ ಆಗಸ್ಟನ್ನೇ ನೋಡಿ. ಡ್ಯುರಾಂಡ್ ಸೆಮಿಫೈನಲ್, ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್ ಎದುರು. 2-0 ಮುಂದಿದ್ದೆವು. ಅವರು 2-2 ಮಾಡಿದರು, ಪೆನಾಲ್ಟಿ ಶೂಟೌಟ್‌ನಲ್ಲಿ ನಾವು ಮನೆಗೆ ಬಂದೆವು. ಮುಂದಿನ ಎರಡು ವಾರ ನನಗೆ ಫೋನ್ ಮಾಡಿದವರೆಲ್ಲ ಒಂದೇ ಮಾತು. ಮುಂದಿರುವಾಗ ಉಳಿಸಿಕೊಳ್ಳೋಕೆ ಬರಲ್ಲ ಇವರಿಗೆ, ಈ ವರ್ಷವೂ ಅಷ್ಟೇ. ನಾನೂ ಹೂಂಗುಟ್ಟುತ್ತಿದ್ದೆ.

ಸೆಪ್ಟೆಂಬರ್ 14ಕ್ಕೆ ಕಂಠೀರವದಲ್ಲಿ ಆ ಸೀಸನ್ನಿನ ಮೊದಲ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್, ಈಗ ದೇಶದ ದೊಡ್ಡ ಲೀಗ್) ಮ್ಯಾಚ್. ಎದುರಾಳಿ ಈಸ್ಟ್ ಬೆಂಗಾಲ್. ಅವರ ಕೋಚ್ ಯಾರು ಗೊತ್ತಾ? ನಮಗೆ 2019ರಲ್ಲಿ ಐಎಸ್‌ಎಲ್ ಗೆದ್ದುಕೊಟ್ಟ ಕಾರ್ಲೆಸ್ ಕ್ವಾದ್ರಾತ್. ನಮ್ಮ ಹಳೇ ಸ್ಟ್ರೈಕರ್ ಕ್ಲೇಟನ್ ಸಿಲ್ವಾ ಕೂಡ ಅವರ ಕಡೆಗೇ. ಸಂಕಟ ಪಡೋಕೆ ಇನ್ನೇನು ಬೇಕು? ಆದರೆ ಗೋಲು ಹೊಡೆದದ್ದು ನಮ್ಮದೇ ಯೂತ್ ಟೀಮ್‌ನಿಂದ ಬಂದ 19ರ ಹುಡುಗ, ವಿನೀತ್ ವೆಂಕಟೇಶ್. 1-0. ಎರಡು ವಾರ ಕಳೆದು ಅದೇ ಮೋಹನ್ ಬಾಗಾನ್ ಕಂಠೀರವಕ್ಕೆ ಬಂತು, 3-0 ಹೊಡೆದು ಕಳಿಸಿದೆವು. ಆಗಸ್ಟಿನಲ್ಲಿ ಜಾತಕ ಬರೆದವರೆಲ್ಲ ಆ ರಾತ್ರಿ ಮೆಟ್ರೋದಲ್ಲಿ ಹೊಸ ಜಾತಕ ಬರೆಯುತ್ತಿದ್ದರು, ಕಪ್ ನಮ್ಮದೇ ಅಂತ. ಏಪ್ರಿಲ್‌ನಲ್ಲಿ ಫೈನಲ್‌ಗೂ ಹೋದೆವು. ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಎಕ್ಸ್‌ಟ್ರಾ ಟೈಮ್, 1-2. ಸೋಲಿಸಿದ್ದು ಮತ್ತೆ ಮೋಹನ್ ಬಾಗಾನ್.

ಅಂದ ಮೇಲೆ ಮೊದಲ ಮ್ಯಾಚ್ ಏನಾದರೂ ಹೇಳುತ್ತದಾ? ನನ್ನ ಪ್ರಕಾರ ಏನೂ ಹೇಳೋದಿಲ್ಲ. ಮೊದಲ ದೋಸೆ ಕಾವಲಿಗೆ ಅಂಟಿಕೊಂಡರೆ ಹಿಟ್ಟು ಹಾಳಾಗಿದೆ ಅಂತಲ್ಲ, ಗರಿಗರಿಯಾಗಿ ಎದ್ದು ಬಂದರೆ ಉಳಿದದ್ದೆಲ್ಲ ಹಾಗೇ ಬರುತ್ತದೆ ಅಂತಲೂ ಅಲ್ಲ. 2021ರಲ್ಲಿ ನಾರ್ತ್‌ಈಸ್ಟ್ ಎದುರು 4-2 ಗೆಲುವಿನಿಂದ ಶುರು ಮಾಡಿದೆವು. ಆಹಾ ಅಂದೆವು. ಮುಗಿಯುವಾಗ ಆರನೇ ಸ್ಥಾನ. 2022ರಲ್ಲಿ ಅದೇ ನಾರ್ತ್‌ಈಸ್ಟ್ ಎದುರು ಕಂಠೀರವದಲ್ಲಿ ಕೊನೇ ಗಳಿಗೆಯಲ್ಲಿ ಆಲನ್ ಕೋಸ್ಟಾ ಹೊಡೆದ ಒಂದು ಗೋಲಿನಿಂದ ಕಷ್ಟಪಟ್ಟು ಗೆದ್ದೆವು. ಆಮೇಲೆ ಸೋಲಿನ ಮೇಲೆ ಸೋಲು. ಡಿಸೆಂಬರ್ ಹೊತ್ತಿಗೆ ಪ್ಲೇಆಫ್ ಮಾತೇ ಬೇಡ ಅನ್ನೋ ಸ್ಥಿತಿ. ಅಲ್ಲಿಂದ ಎದ್ದು ಲೀಗ್‌ನ ಕೊನೆಯ 8 ಮ್ಯಾಚ್ ಸತತ ಗೆದ್ದು ಫೈನಲ್ ತನಕ ಹೋದೆವು. ಪೆನಾಲ್ಟಿಯಲ್ಲಿ ಸೋತದ್ದು ಬೇರೆ ಮಾತು.

ಇದೆಲ್ಲ ಗೊತ್ತಿದ್ದೂ ಟೆನ್ಷನ್ ಕಡಿಮೆ ಆಗುತ್ತದಾ ಅಂದರೆ, ಇಲ್ಲ. ಗೊತ್ತಿರೋದೇ ಬೇರೆ, ಹೊಟ್ಟೆಯೊಳಗೆ ಆಗೋದೇ ಬೇರೆ.

ನಾನು ಕಂಡ ಅತಿ ಕೆಟ್ಟ ಬೇಸಿಗೆ 2018ರದ್ದು. ಮಾರ್ಚ್ 17ಕ್ಕೆ ನಮ್ಮದೇ ಕಂಠೀರವದಲ್ಲಿ ಐಎಸ್‌ಎಲ್ ಫೈನಲ್, ಅದು ಐಎಸ್‌ಎಲ್‌ನಲ್ಲಿ ನಮ್ಮ ಮೊದಲ ವರ್ಷ. ಛೇತ್ರಿ ಒಂಬತ್ತನೇ ನಿಮಿಷಕ್ಕೇ ಗೋಲು ಹೊಡೆದರು. ಇನ್ನೇನು ಕಪ್ ಎತ್ತೋದೊಂದೇ ಬಾಕಿ ಅಂದುಕೊಂಡಿದ್ದೆವು. ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ತಲೆಯಿಂದಲೇ ಎರಡು ಗೋಲು ಹಾಕಿದ. 3-2ರಲ್ಲಿ ಕಪ್ ಚೆನ್ನೈಗೆ ಹೋಯಿತು. ಅದೂ ಚೆನ್ನೈಗೆ! ಮೇಲಿಂದ ಕೋಚ್ ಆಲ್ಬರ್ಟ್ ರೋಕಾ ಹೊರಟೇಹೋದರು. ಅವರ ಸಹಾಯಕರಾಗಿದ್ದ ಕ್ವಾದ್ರಾತ್‌ಗೇ ಕೆಲಸ ಕೊಟ್ಟರು. ಸಹಾಯಕನಿಗೆ ಇಡೀ ಟೀಮ್ ಕೊಡೋದಾ ಅಂತ ನಾವೆಲ್ಲ ಗೊಣಗಿದ್ದೇ ಗೊಣಗಿದ್ದು. ಮೊದಲ ಮ್ಯಾಚ್ ಯಾರ ಎದುರು ಬಿತ್ತು? ಚೆನ್ನೈಯಿನ್ ಎದುರೇ, ಅದೇ ಕಂಠೀರವದಲ್ಲಿ. ಮೀಕು ಗೋಲು, 1-0. 2019ರ ಮಾರ್ಚ್ 17ಕ್ಕೆ, ಅಂದರೆ ಫೈನಲ್ ಸೋತು ಸರಿಯಾಗಿ ಒಂದು ವರ್ಷಕ್ಕೆ, ಮುಂಬೈಯಲ್ಲಿ ಗೋವಾ ಎದುರು ಇನ್ನೊಂದು ಫೈನಲ್. ಎಕ್ಸ್‌ಟ್ರಾ ಟೈಮಿನ ಕೊನೆಯಲ್ಲಿ, 117ನೇ ನಿಮಿಷಕ್ಕೆ ರಾಹುಲ್ ಭೇಕೆ ಹೆಡರ್. ಕಪ್ ಬಂತು.

ಅದಕ್ಕೆ ಉಲ್ಟಾ 2023. ಆ ವರ್ಷದ ಮಾರ್ಚ್ 3ಕ್ಕೆ ಕಂಠೀರವದ ಪ್ಲೇಆಫ್‌ನಲ್ಲಿ ಛೇತ್ರಿ ಫಟ್ ಅಂತ ಫ್ರೀಕಿಕ್ ಹೊಡೆದದ್ದು, ನಾವಿನ್ನೂ ರೆಡಿಯಾಗಿರಲಿಲ್ಲ ಅಂತ ಸಿಟ್ಟಾಗಿ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದದ್ದು ನೆನಪಿರಬೇಕು ನಿಮಗೆ. (ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ, ಅಂದರೆ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ, ಗೆದ್ದಿತು. ಆ ಗಲಾಟೆಯಲ್ಲಿ ಅದನ್ನು ಕೇಳಿದವರೇ ಕಡಿಮೆ. ನನಗೆ ಈಗಲೂ ಹೊಟ್ಟೆಯುರಿ.) ಮುಂದಿನ ಸೀಸನ್ನಿನ ಮೊದಲ ಮ್ಯಾಚ್ ಬಿದ್ದದ್ದು ಕೊಚ್ಚಿಯಲ್ಲಿ, ಬ್ಲಾಸ್ಟರ್ಸ್ ಎದುರೇ. ಅಷ್ಟರಲ್ಲಿ ರಾಯ್ ಕೃಷ್ಣ, ಜಿಂಗನ್, ಉದಾಂತ ಎಲ್ಲ ಬೇರೆ ಕ್ಲಬ್ ಸೇರಿದ್ದರು. ಭಯಪಟ್ಟಿದ್ದೆವು, ಭಯಪಟ್ಟ ಹಾಗೇ ಆಯಿತು. ಒಂದು ಸೆಲ್ಫ್ ಗೋಲ್, 2-1 ಸೋಲು. ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ಹೋದರು. ಕೊನೆಗೆ ಆ ಹತ್ತನೇ ಸ್ಥಾನ.

ಛೇತ್ರಿ ವಿಷಯಕ್ಕೆ ಬಂದರೆ, ನಾಲ್ಕೈದು ವರ್ಷಗಳಿಂದ ಪ್ರತಿ ಸಲ ಮನಸ್ಸಿನಲ್ಲಿ ಅದೇ ಹುಳ. ಇದೇ ಕೊನೆಯದಾ? 2024ರ ಜೂನ್ 6ಕ್ಕೆ ಕೋಲ್ಕತ್ತಾದಲ್ಲಿ ಕುವೈತ್ ಎದುರು ದೇಶದ ಪರ ಕೊನೆಯ ಆಟ ಅಂತ ಆಡಿದರು. ಕ್ಲಬ್ಬಿಗೂ ಇನ್ನು ಹೆಚ್ಚು ದಿನ ಇಲ್ಲ ಅಂತ ನಾವು ಗಂಟಲು ಕಟ್ಟಿಸಿಕೊಂಡು ಕೂತೆವು. ಅವರು ಆ ಸೀಸನ್‌ನಲ್ಲಿ 14 ಗೋಲು ಹೊಡೆದರು. ಡಿಸೆಂಬರ್‌ನಲ್ಲಿ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್, ನಲವತ್ತು ದಾಟಿದ ಮೇಲೆ! 2025ರ ಮಾರ್ಚ್‌ನಲ್ಲಿ ದೇಶದ ಟೀಮಿಗೂ ವಾಪಸ್ ಬಂದರು. ನಾವು ಅಳೋಕೆ ರೆಡಿಯಾದಾಗೆಲ್ಲ ಈ ಮನುಷ್ಯ ಗೋಲು ಹೊಡೆಯುತ್ತಾರೆ. ಅವರ ಜಾಗಕ್ಕೆ ಯಾರು ಅನ್ನೋ ಪ್ರಶ್ನೆಗೆ ಮಾತ್ರ ಉತ್ತರ ಮುಂದಕ್ಕೆ ಹೋಗುತ್ತಲೇ ಇದೆ.

ಇನ್ನು 2025. ಅಲ್ಲಿಯವರೆಗಿನ ಟೆನ್ಷನ್ ಎಲ್ಲ ಐಷಾರಾಮಿ ಅನ್ನಿಸಿದ್ದು ಆಗ. ದೇಶದ ಫುಟ್‌ಬಾಲ್ ಫೆಡರೇಷನ್ ಮತ್ತು ಐಎಸ್‌ಎಲ್ ನಡೆಸುತ್ತಿದ್ದ ಕಂಪನಿಯ ನಡುವಿನ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು. ಹೊಸದು ಆಗಲಿಲ್ಲ. ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ನಮ್ಮ ಕ್ಲಬ್ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುತ್ತಿರುವುದಾಗಿ ಪ್ರಕಟಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಸೆಪ್ಟೆಂಬರ್ ಬಂತು, ಹೋಯಿತು. ದಸರಾ ಆಯಿತು, ದೀಪಾವಳಿ ಆಯಿತು. ಲೆಫ್ಟ್ ಬ್ಯಾಕ್ ಬಗ್ಗೆ ಜಗಳ ಆಡೋಕೆ ಟೀಮ್ ಬೇಕಲ್ಲ? ನಾವು ಕಾನೂನು ಸುದ್ದಿ ಓದುತ್ತಾ ಕೂತೆವು. ಕ್ರೀಡಾ ಪುಟ ಬಿಟ್ಟು ಕೋರ್ಟ್ ಕಲಾಪ ಓದುವ ಫುಟ್‌ಬಾಲ್ ಅಭಿಮಾನಿಯನ್ನು ನೀವು ನೋಡಿದ್ದೀರಾ? 2026ರ ಜನವರಿಯಲ್ಲಿ, ಫೆಬ್ರವರಿ 14ಕ್ಕೆ ಲೀಗ್ ಶುರು ಅಂತ ಕ್ರೀಡಾ ಸಚಿವರು ಪ್ರಕಟಿಸಿದರು. ಅದನ್ನು ಓದಿದ ಹತ್ತೇ ನಿಮಿಷಕ್ಕೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಕೇಳಿದ, "ಗೋಲ್ ಹೊಡೆಯೋರು ಯಾರಪ್ಪಾ ಈ ಸಲ?" ತಿಂಗಳುಗಳ ನಂತರ ಒಂದು ಮಾಮೂಲಿ ಚಿಂತೆ. ಎಲ್ಲರೂ ಬೈಯೋಕೆ ಶುರು ಮಾಡಿದರು, ಆ ದಿನ ನನಗೆ ನಿದ್ದೆ ಚೆನ್ನಾಗಿ ಬಂತು.

ಹಾಗಾಗಿ, ಕೇಳೋದು ಬಿಡಿ ಅಂತ ನಾನು ಹೇಳೋದಿಲ್ಲ. ಕೇಳಿ, ಸಂತೋಷವಾಗಿ ಉತ್ತರ ಹೇಳುತ್ತೇನೆ. ಮ್ಯಾಚಿನ ದಿನವಾದರೆ ಆರೂವರೆಗೆ ಮುಂಚೆ ಕೇಳಿ, ಆಮೇಲೆ ಫೋನ್ ಎತ್ತೋದಿಲ್ಲ.