ನೀರು ನಿಂತ ಎತ್ತರಕ್ಕೇ ಫೋಟೋ

ನನ್ನ ಫೋಟೋ ಪ್ರದರ್ಶನಕ್ಕೆಂದು ನಿನ್ನೆ ಸಂಜೆ ಶಾಲೆಯ ಹಾಲ್‌ಗೆ ಹೋಗಿ ಗೋಡೆ ಅಳೆದು ಬಂದೆ. ಉದ್ದದ ಗೋಡೆ 38 ಅಡಿ ಇದೆ. ಎದುರಿನ ಗೋಡೆಗೆ ಕಿಟಕಿಗಳಿವೆ, ಅಲ್ಲಿ ಜಾಗ ಕಡಿಮೆ. ಎರಡೂ ಸೇರಿ 24 ಫೋಟೋ ಹಿಡಿಯುತ್ತವೆ. ನನ್ನ ಹತ್ತಿರ ನಾನೂರಕ್ಕೂ ಜಾಸ್ತಿ ಇವೆ. ಎಲ್ಲವೂ ಚಾದಂಗಡಿಗಳದ್ದು. ಗಂಗಾವಳಿ ಹೊಳೆಯ ದಂಡೆಯವು, ಕಾಳಿ ಹೊಳೆಯ ದಂಡೆಯವು, ಹೆದ್ದಾರಿ ಬದಿಯವು. ಮಳೆಗಾಲದಲ್ಲಿ ನೀರು ಹೊಕ್ಕು ಹೋದ ಅಂಗಡಿಗಳು.

ಉತ್ತರ ಕನ್ನಡದ ಅಂಕೋಲೆಯಲ್ಲಿ ಮದುವೆ ಫೋಟೋ ತೆಗೆಯುವುದು ನನ್ನ ಕಸುಬು. ಬೆಳಗಿನ ಮುಹೂರ್ತ ಅಂದರೆ ನಾಲ್ಕೂವರೆಗೇ ಮನೆ ಬಿಡಬೇಕು. ಆ ಹೊತ್ತಿಗೆ ದಾರಿಯಲ್ಲಿ ದೀಪ ಕಾಣುವುದು ಚಾದಂಗಡಿಯಲ್ಲಿ ಮಾತ್ರ. ಒಳಗೆ ಮೊದಲ ಬನ್ಸ್ ಎಣ್ಣೆಗೆ ಬೀಳುತ್ತಿರುತ್ತದೆ. ಲಾರಿಯವರು ಮುಖ ತೊಳೆದು ಬಂದು ಬೆಂಚಿನ ಮೇಲೆ ಕೂತಿರುತ್ತಾರೆ. ಹದಿನೈದು ವರ್ಷ ಹೀಗೆ ಚಾ ಕುಡಿದಿದ್ದೇನೆ. ಆದರೆ ಅಂಗಡಿಯ ಕಡೆ ಕ್ಯಾಮೆರಾ ತಿರುಗಿಸಿದ್ದು 2019ರ ಆಗಸ್ಟ್‌ನಲ್ಲಿ ನೆರೆ ಬಂದ ಮೇಲೆ.

ನಮ್ಮ ಎರಡು ಹೊಳೆಗಳಲ್ಲಿ ನೆರೆ ಬರುವ ರೀತಿಯೇ ಬೇರೆ. ಕಾಳಿಗೆ ಅಣೆಕಟ್ಟೆಗಳಿವೆ. ಕದ್ರಾದಲ್ಲಿ ಗೇಟು ತೆಗೆಯುತ್ತಾರೆ ಅಂತ ಸುದ್ದಿ ಬಂದರೆ ಕೆಳಗಿನ ಅಂಗಡಿಯವರು ಮೊದಲು ಎತ್ತುವುದು ಸಿಲಿಂಡರ್, ಆಮೇಲೆ ಸಕ್ಕರೆ ಚೀಲ. ಗಂಗಾವಳಿಗೆ ಅಂಥ ದೊಡ್ಡ ಅಣೆಕಟ್ಟೆ ಇಲ್ಲ. ಧಾರವಾಡದ ಕಡೆ ಹುಟ್ಟಿ, ಬೇಡ್ತಿ ಅನ್ನಿಸಿಕೊಂಡು, ಮಾಗೋಡಿನಲ್ಲಿ ಧುಮುಕಿ ನಮ್ಮಲ್ಲಿಗೆ ಬರುವ ಹೊಳೆ ಇದು. ಘಟ್ಟದ ಮೇಲೆ ಸುರಿದದ್ದು ಇಲ್ಲಿ ಏರುತ್ತದೆ. ನಮ್ಮಲ್ಲಿ ಮಳೆ ನಿಂತು ಬಟ್ಟೆ ಒಣಗಿಸುವ ಹೊತ್ತಿಗೂ ನೀರು ಮೆಟ್ಟಿಲು ಹತ್ತುತ್ತಿರಬಹುದು.

ಮೊದಲು ನಾನು ತೆಗೆದದ್ದೆಲ್ಲ ರಾಡಿಯ ಫೋಟೋಗಳೇ. ಮಗುಚಿದ ಬೆಂಚು, ರಾಡಿ ತುಂಬಿದ ಗ್ರೈಂಡರ್, ಗೋಡೆಯ ಮೇಲೆ ನೀರಿನ ಗೆರೆ. ಆ ಗೆರೆ ನೋಡಿಯೇ ಪ್ರದರ್ಶನದ ಯೋಚನೆ ಹುಟ್ಟಿತು. ಯಾವ ಅಂಗಡಿಯಲ್ಲಿ ನೀರು ಎಷ್ಟು ಎತ್ತರ ನಿಂತಿತ್ತೋ ಆ ಅಂಗಡಿಯ ಫೋಟೋವನ್ನು ಅಷ್ಟೇ ಎತ್ತರಕ್ಕೆ ತೂಗುಹಾಕಬೇಕು ಅಂತ. ಮೊಣಕಾಲು ಮಟ್ಟದ್ದನ್ನು ನೋಡಲು ಜನ ಬಗ್ಗಬೇಕು. ಮಾಡು ಮುಳುಗಿದ ಅಂಗಡಿಯದ್ದಕ್ಕೆ ಕತ್ತು ಎತ್ತಬೇಕು. ಅಂಗಡಿ ಅಂಗಡಿಗೆ ಟೇಪು ಹಿಡಿದುಕೊಂಡು ಹೋಗಿ ಅಳೆದೆ. ಕೆಲವರು ಸುಣ್ಣ ಬಳಿದು ಗೆರೆ ಅಳಿಸಿದ್ದರು. ಆದರೂ 'ಇಲ್ಲಿವರೆಗೆ' ಅಂತ ಕೈಯಿಟ್ಟು ತೋರಿಸುವಾಗ ಯಾರ ಕೈಯೂ ತಡವರಿಸಲಿಲ್ಲ.

ಹೊಳೆಯಾಚೆ ಒಂದು ಸಣ್ಣ ಹೋಟೆಲ್ ಇದೆ. ನಡೆಸುವವರು ಒಬ್ಬ ಅಕ್ಕ. ಆರಿಸಿದ ಫೋಟೋಗಳನ್ನು ಅವರಿಗೆ ತೋರಿಸಿದೆ. ಸಾವಕಾಶವಾಗಿ ಎಲ್ಲವನ್ನೂ ನೋಡಿದರು. ಆಮೇಲೆ ಕೇಳಿದರು. "ತಮ್ಮಾ, ನಮ್ಮ ಅಂಗಡಿಲಿ ನೀರು ಇದ್ದದ್ದು ಎರಡು ದಿನ. ನಾನು ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ನನ್ನ ಫೋಟೋ ಎಲ್ಲಿ?"

ನನಗೆ ಮಾತೇ ಬರಲಿಲ್ಲ. ಫೋಟೋದ ಕೆಳಗೆ 'ನೆರೆ ಸಂತ್ರಸ್ತೆ' ಅಂತ ಬರೆಯುವುದೂ ಬೇಡ ಅಂದರು. ಬೆಳಿಗ್ಗೆ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತೇನೆ ಅಂತ ಬರಿ, ಬೇಕಾದರೆ ನೀರಿನ ಲೆಕ್ಕ ಆಮೇಲೆ ಬರಿ ಅಂದರು.

ಅವತ್ತಿನಿಂದ ಎಲ್ಲ ಅಂಗಡಿಗಳಿಗೂ ಮತ್ತೆ ಹೋದೆ. ಬೆಳಗಿನ ಜಾವ, ಕೆಲಸ ನಡೆಯುವಾಗ. ಹಿಟ್ಟು ನಾದುವ ಕೈ, ಹಾಲಿನ ಕ್ಯಾನು ಇಳಿಸುವ ಹುಡುಗ, ಬಾಜಿಗೆ ಒಗ್ಗರಣೆ ಬಿದ್ದಾಗ ಏಳುವ ಹೊಗೆ. ಫ್ಲಾಶ್ ಬಳಸಲಿಲ್ಲ. ಒಲೆಯ ಬೆಳಕು ಮತ್ತು ಒಂದು ಬಲ್ಬು, ಅಷ್ಟೇ. ಈಗ 24ರಲ್ಲಿ ರಾಡಿಯ ಫೋಟೋ ಐದೇ ಐದು. ಎತ್ತರದ ಲೆಕ್ಕವನ್ನು ಮಾತ್ರ ಬಿಟ್ಟಿಲ್ಲ. ಪ್ರತಿ ಫೋಟೋದ ಕೆಳಗೆ ಎರಡೇ ಸಾಲು. 'ಬೆಳಿಗ್ಗೆ 4.45ಕ್ಕೆ ತೆರೆಯುತ್ತದೆ. ನೀರು 5 ಅಡಿ 2 ಇಂಚು.' ಹೀಗೆ.

ನನಗೆ ತುಂಬ ಇಷ್ಟವಾದ ಫೋಟೋ ಆ ಅಕ್ಕನ ಉದ್ರಿ ಪುಸ್ತಕದ್ದು. ನೆರೆಯಲ್ಲಿ ಪುಸ್ತಕ ಪೂರ್ತಿ ನೆಂದಿತ್ತು. ಅವರು ಒಂದೊಂದೇ ಹಾಳೆ ಬಿಡಿಸಿ, ದೋಸೆ ಕಾವಲಿಯನ್ನು ಬರೀ ಬೆಚ್ಚಗೆ ಮಾಡಿ, ಅದರ ಮೇಲೆ ಒಣಗಿಸುತ್ತಿದ್ದರು. ಶಾಯಿ ಹರಡಿ ಅರ್ಧ ಹೆಸರು ಓದಲಿಕ್ಕೇ ಬರುತ್ತಿರಲಿಲ್ಲ. ಆಮೇಲೆ ಕೆಲವರು ತಾವಾಗಿಯೇ ಬಂದು 'ನನ್ನದು ಇಷ್ಟಿತ್ತು' ಅಂತ ಹೇಳಿ ಬರೆಸಿದರಂತೆ. ಕೆಲವರು ಬರಲಿಲ್ಲ. ಬಾರದವರ ಬಗ್ಗೆ ಅಕ್ಕ ಒಂದು ಮಾತೂ ಆಡಲಿಲ್ಲ. ಈ ಫೋಟೋ ಹಾಕಲು ಒಪ್ಪಿದರು, ಆದರೆ ಯಾರ ಹೆಸರೂ ಕಾಣಬಾರದು ಅಂದರು. ಹಾಗಾಗಿ ಹಾಳೆಯ ಹಿಂಬದಿ ಕಾಣುವ ಫೋಟೋ ಆರಿಸಿದ್ದೇನೆ. ಬೆಳಕಿಗೆ ಹಿಡಿದಾಗ ಅಂಕಿಗಳು ಉಲ್ಟಾ ಕಾಣುತ್ತವಲ್ಲ, ಅಷ್ಟು ಸಾಕು.

ಪ್ರಿಂಟ್ ಮಾಡಿಸುವುದೇ ದೊಡ್ಡ ಕೆಲಸವಾಯಿತು. 12 ಇಂಟು 18 ಇಂಚು ಅಳತೆ, ಮ್ಯಾಟ್ ಕಾಗದ. ಮೊದಲ ಸಲ ಬಂದ ಪ್ರಿಂಟ್‌ಗಳಲ್ಲಿ ನಮ್ಮ ಕೆಂಪು ರಾಡಿ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಲ್ಯಾಬಿನ ಮಷೀನು ಕೆಂಪು ಹೆಚ್ಚಾಗಿದೆ ಅಂತ ತಾನೇ ತಿದ್ದಿಬಿಟ್ಟಿದೆ. ಚಿರೆಕಲ್ಲಿನ ಮಣ್ಣು ಕಂಡವರಿಗೆ ಗೊತ್ತು, ಅದು ಮೆತ್ತಿದ ಬಟ್ಟೆಯನ್ನು ನಾಲ್ಕು ಸಲ ಒಗೆದರೂ ಬಣ್ಣ ಪೂರ್ತಿ ಹೋಗುವುದಿಲ್ಲ. ಆ ಬಣ್ಣ ತಪ್ಪಿದರೆ ಇದು ಯಾವ ಊರಿನ ನೆರೆಯೂ ಆಗಬಹುದು. ಒಂದು ಬಾಟಲಿಯಲ್ಲಿ ಒಣ ಮಣ್ಣು ತುಂಬಿಕೊಂಡು ಲ್ಯಾಬಿಗೇ ಹೋದೆ. ಅಲ್ಲಿನ ಹುಡುಗ ಆಟೋ ಕರೆಕ್ಷನ್ ತೆಗೆದು, ಮಣ್ಣನ್ನು ಪ್ರಿಂಟಿನ ಪಕ್ಕ ಸುರಿದುಕೊಂಡು ಬಣ್ಣ ಹೊಂದಿಸಿದ. ಮೂರನೇ ಸಲಕ್ಕೆ ಸರಿ ಬಂತು. ದುಡ್ಡು ಅಂದಾಜಿಗಿಂತ ಜಾಸ್ತಿಯೇ ಹೋಯಿತು. ಈಗ ಪ್ರಿಂಟ್‌ಗಳೆಲ್ಲ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇವೆ. ನಮ್ಮ ಕರಾವಳಿಯ ತೇವಕ್ಕೆ ಕಾಗದ ಹೊರಗಿಟ್ಟರೆ ವಾರದಲ್ಲಿ ಅಂಚು ಸುರುಳಿಯಾಗುತ್ತದೆ.

ಇಪ್ಪತ್ಮೂರು ಫೋಟೋಗಳು ಹೀಗೆ ತಯಾರಾದವು. ಇಪ್ಪತ್ನಾಲ್ಕನೆಯದು ನಮ್ಮ ತಾಲೂಕಿನ ಶಿರೂರಿನದು.

2024ರ ಜುಲೈ 16, ಮಂಗಳವಾರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡ ಕಡಿದಿದ್ದರು, ಮೇಲಿಂದ ದಿನಗಟ್ಟಲೆ ಮಳೆ ಸುರಿದಿತ್ತು. ಮಣ್ಣು ರಸ್ತೆ ದಾಟಿ ಗಂಗಾವಳಿಗೆ ಬಿತ್ತು. ಹೊಳೆಯ ನೀರು ಎದ್ದು ಆಚೆ ದಂಡೆಯ ಉಳುವರೆಯ ಮನೆಗಳಿಗೆ ಬಡಿಯಿತು. ಗುಡ್ಡದ ಬುಡದಲ್ಲಿ, ರಸ್ತೆ ಬದಿಗೆ ಒಂದು ಚಾದಂಗಡಿ ಇತ್ತು. ಅಂಗಡಿ ಹೋಯಿತು. ನಡೆಸುತ್ತಿದ್ದ ಗಂಡ ಹೆಂಡತಿ, ಇಬ್ಬರು ಮಕ್ಕಳು ಎಲ್ಲರೂ ಹೋದರು. ಅಲ್ಲಿ ಲಾರಿ ನಿಲ್ಲಿಸಿದವರೂ ಹೋದರು. ಅವರಲ್ಲೊಬ್ಬ ಕೇರಳದ ಚಾಲಕನ ಲಾರಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, 71 ದಿನಗಳ ಮೇಲೆ. ಗೋವಾದಿಂದ ಹೂಳೆತ್ತುವ ಡ್ರೆಜರ್ ತರಿಸಬೇಕಾಯಿತು. ಆ ದಿನಗಳಲ್ಲಿ ಟಿವಿಯವರು ಲೆಕ್ಕವಿಲ್ಲದಷ್ಟು ಸಲ ತೋರಿಸಿದ ಆ ಮಣ್ಣಿನ ಗುಡ್ಡೆಯ ಫೋಟೋ ನನ್ನ ಹತ್ತಿರವೂ ಇದೆ. ಅದನ್ನು ಹಾಕುವುದಿಲ್ಲ. ಅದು ಆ ಅಂಗಡಿಯ ಫೋಟೋ ಅಲ್ಲ.

ಅಂಗಡಿಯ ಫೋಟೋ ನನ್ನ ಹತ್ತಿರ ಒಂದೂ ಇಲ್ಲ. ಕುಮಟಾ ಕಡೆಗೆ ಹೋಗುವಾಗ ಎಷ್ಟು ಸಲ ನಿಲ್ಲಿಸಿದ್ದೇನೋ. ಪ್ರತಿ ಸಲವೂ ಎರಡೆರಡು ಕ್ಯಾಮೆರಾ ಜೊತೆಗಿದ್ದವು. ಹಳೆಯ ಹಾರ್ಡ್ ಡಿಸ್ಕ್‌ಗಳನ್ನೆಲ್ಲ ಹುಡುಕಿದೆ, ನಾಲ್ಕು ರಾತ್ರಿ ಹಿಡಿಯಿತು. ಒಂದು ಮದುವೆಯ ಫೋಲ್ಡರಿನಲ್ಲಿ ಕೊನೆಗೂ ಒಂದು ಸಿಕ್ಕಿತು. ಹೊಸ ಲೆನ್ಸ್ ನೋಡಲು ಸುಮ್ನೆ ಕ್ಲಿಕ್ ಮಾಡಿದ್ದು. ಕಾರಿನ ಬಾನೆಟ್ ಮೇಲೆ ಎರಡು ಗ್ಲಾಸು ಚಾ. ಹಬೆ ಏಳುತ್ತಿದೆ. ಹಿಂದೆ ಮಸುಕಾಗಿ ಹೊಳೆ, ಆಚೆ ದಂಡೆಯ ತೆಂಗು. ಅಂಗಡಿ ನನ್ನ ಬೆನ್ನ ಹಿಂದೆ ಇತ್ತು.

ಇದಕ್ಕೆ ಎತ್ತರ ಎಷ್ಟು ಅಂತ ಗೆಳೆಯ ಕೇಳಿದ. ಅಲ್ಲಿ ಅಳೆಯುವ ಗೋಡೆಯೇ ಉಳಿದಿಲ್ಲವಲ್ಲ. ಗೋಡೆಗೆ ಹಾಕುವುದಿಲ್ಲ ಅಂದೆ. ಅಕ್ಕ ತಮ್ಮ ಹೋಟೆಲಿನ ಹಳೆಯ ಬೆಂಚು ಕಳಿಸುತ್ತೇನೆ ಅಂದಿದ್ದಾರೆ. ಅದರ ಮೇಲೆ ಇಡುತ್ತೇನೆ, ಗ್ಲಾಸು ಇಡುವ ಎತ್ತರಕ್ಕೆ. ಕೆಳಗಿನ ಸಾಲು ಇನ್ನೂ ಬರೆದಿಲ್ಲ. ಅದು ಎಷ್ಟು ಗಂಟೆಗೆ ತೆರೆಯುತ್ತಿತ್ತು ಅಂತ ನಾನು ಕೇಳಿರಲೇ ಇಲ್ಲ. ಹೋದಾಗಲೆಲ್ಲ ತೆರೆದಿರುತ್ತಿತ್ತು.

ಆ ಮನೆಯ ಸಂಬಂಧಿಕರನ್ನು ಕೇಳದೆ ಹಾಕಬಾರದು. ಭಾನುವಾರ ಹೋಗುತ್ತೇನೆ, ಪ್ರಿಂಟ್ ಹಿಡಿದುಕೊಂಡು. ಬೇಡ ಅಂದರೆ ಬೆಂಚು ಖಾಲಿಯೇ ಇರಲಿ.